ಮನೆ ಹತ್ತಿರದ ಪಾರ್ಕ್ ಬದಲಾಗ್ತಿದೆಯಾ? ಸಭೆಗೆ ಹೋಗಿ ಮಾತಾಡಿ

ನಮ್ಮ ಅವ್ವ ಕಲಬುರಗಿಯಿಂದ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದಾಗ ದಿನಾ ಸಂಜೆ ಮನೆ ಹತ್ತಿರದ ಪಾರ್ಕಿಗೆ ಹೋಗುತ್ತಿದ್ದರು. ಊರಲ್ಲಿ ಅಪ್ಪನ ಕೆರೆ ಕಡೆ ಅಡ್ಡಾಡಿ ರೂಢಿ. ಒಂದಿನ ವಾಪಸ್ ಬಂದವರೇ, "ಬೇಲಿಗೆ ಏನೋ ಬೋರ್ಡ್ ಹಚ್ಯಾರ, ನೋಡಿ ಬಾ" ಅಂದರು. ದೊಡ್ಡ ಮರದ ಕೆಳಗಿನ ಬೆಂಚು ತೆಗೆದು ಅಲ್ಲಿ ಪಿಕಲ್‌ಬಾಲ್ (ಪ್ಲಾಸ್ಟಿಕ್ ಚೆಂಡಿನಿಂದ ಆಡುವ ಟೆನಿಸ್ ಥರದ ಆಟ) ಕೋರ್ಟ್ ಮಾಡ್ತಾರಂತೆ, ಅದರ ಬಗ್ಗೆ ಸಭೆ ಇದೆಯಂತೆ. ನಾನು ಎಂಟು ವರ್ಷದಿಂದ ಅದೇ ಊರಲ್ಲಿದ್ದೆ, ಒಂದು ಸಭೆಗೂ ಹೋಗಿರಲಿಲ್ಲ. ವೀಸಾ ಮೇಲೆ ಇರುವವರು ಇಂಥದ್ದರಲ್ಲಿ ಬಾಯಿ ಹಾಕಬಾರದು ಅಂತ ತಿಳಿದಿದ್ದೆ.

ಅದು ತಪ್ಪು. ಬೀದರ್, ಯಾದಗಿರಿ, ಕಲಬುರಗಿ ಕಡೆಯಿಂದ ಹೊಸದಾಗಿ ಬಂದವರು ಇದೊಂದನ್ನು ಮೊದಲು ತಿಳಿದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಬ್ರೌನ್ ಆಕ್ಟ್ ಅಂತ ಒಂದು ಕಾನೂನು ಇದೆ. ಸಿಟಿ ಕೌನ್ಸಿಲ್ (ನಮ್ಮ ಪಾಲಿಕೆ ಇದ್ದ ಹಾಗೆ) ಸಭೆಗೆ ಯಾರು ಬೇಕಾದರೂ ಹೋಗಬಹುದು, ಮಾತಾಡಬಹುದು. ವೋಟು ಬೇಕಿಲ್ಲ, ಗ್ರೀನ್ ಕಾರ್ಡ್ ಬೇಕಿಲ್ಲ. ಒಳಗೆ ಹೋಗಲು ಹೆಸರು ಬರೆಸಲೇಬೇಕು ಅಂತಲೂ ಇಲ್ಲ. ಮೂರು ತಿಂಗಳಿಗೆ ಅಂತ ಬಂದ ಅವ್ವನಿಗೂ ಅದೇ ಹಕ್ಕು.

ನಮ್ಮ ಕಡೆ ಓಣಿಯ ಪಾರ್ಕಿನದ್ದು ಏನಾದರೂ ಆದರೆ ಕಾರ್ಪೊರೇಟರ್ ಮನೆಗೆ ಹೋಗುತ್ತೇವೆ, ಇಲ್ಲಾ ಪಾಲಿಕೆಗೆ ಹೋಗಿ ಮನವಿ ಕೊಟ್ಟು ಬರುತ್ತೇವೆ. ಕಲಬುರಗಿ ಪಾಲಿಕೆಯಲ್ಲಿ 55 ವಾರ್ಡ್ ಇವೆ, ಸಾಮಾನ್ಯ ಸಭೆಯಲ್ಲಿ ಮಾತಾಡುವವರು ಆ ವಾರ್ಡಿನ ಸದಸ್ಯರು, ನಾವಲ್ಲ. ಇಲ್ಲಿ ಕೌನ್ಸಿಲ್‌ನಲ್ಲಿ ಹೆಚ್ಚಾಗಿ ಐದು ಇಲ್ಲಾ ಏಳು ಜನ ಇರುತ್ತಾರೆ, ನೀವು ಅವರ ಎದುರು ನಿಂತೇ ಹೇಳಬಹುದು. ಬೇಕಿದ್ದರೆ ಒಬ್ಬ ಸದಸ್ಯರನ್ನು ಮುಂಚೆ ಭೇಟಿಯಾಗಿ ಮಾತಾಡಿ, ತಪ್ಪಿಲ್ಲ. ಆದರೆ ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಭೆಯ ಹೊರಗೆ ಆ ವಿಷಯ ಚರ್ಚಿಸುವ ಹಾಗಿಲ್ಲ, ತೀರ್ಮಾನ ಎಲ್ಲರ ಕಣ್ಣೆದುರೇ ಆಗಬೇಕು.

ಈಗ ಮುಖ್ಯ ಮಾತು, ಯಾವಾಗ ಹೋಗಬೇಕು ಅನ್ನೋದು. ನಮ್ಮವರು ಹೆಚ್ಚಾಗಿ ಜೆಸಿಬಿ ಬಂದು ನಿಂತ ಮೇಲೆ ಎಚ್ಚರಾಗುತ್ತಾರೆ. ಅಷ್ಟೊತ್ತಿಗೆ ನಕ್ಷೆ ಮುಗಿದಿರುತ್ತದೆ, ದುಡ್ಡೂ ಮಂಜೂರಾಗಿರುತ್ತದೆ. ಪಾರ್ಕಿನ ವಿಷಯ ಬಹಳ ಊರುಗಳಲ್ಲಿ ಮೊದಲು ಪಾರ್ಕ್ಸ್ ಕಮಿಷನ್ ಮುಂದೆ ಬರುತ್ತದೆ. ಅದು ಸಲಹೆ ಕೊಡುವ ಸಮಿತಿ, ಕೊನೆಯ ಮಾತು ಕೌನ್ಸಿಲ್‌ನದ್ದು. ಸುಮ್ನೆ ಸಲಹೆ ತಾನೇ ಅಂತ ಬಿಡಬೇಡಿ, ನಕ್ಷೆ ಇನ್ನೂ ಪೆನ್ಸಿಲ್‌ನಲ್ಲಿ ಇರೋದು ಅಲ್ಲೇ. ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮುಂಚೆ ಹಾಕಲೇಬೇಕು, ಅದರ ಜೊತೆ ಸಿಬ್ಬಂದಿ ಬರೆದ ವರದಿ ಇರುತ್ತದೆ. ಅದನ್ನು ಓದಿಕೊಂಡು ಹೋಗಿ. ಕನ್ಸೆಂಟ್ ಕ್ಯಾಲೆಂಡರ್ ಅಂತ ಒಂದು ಭಾಗ ಇರುತ್ತದೆ, ಹತ್ತಿಪ್ಪತ್ತು ವಿಷಯಗಳನ್ನು ಚರ್ಚೆಯಿಲ್ಲದೆ ಒಂದೇ ಸಲ ಪಾಸ್ ಮಾಡುವ ಪಟ್ಟಿ ಅದು. ಪಾರ್ಕಿನ ಗುತ್ತಿಗೆ ಅಲ್ಲಿ ಒಂದು ಸಾಲಿನಲ್ಲಿ ಅಡಗಿರಬಹುದು, ಹುಡುಕಿ ನೋಡಿ.

ಅಜೆಂಡಾದಲ್ಲಿ ಇಲ್ಲದ ವಿಷಯವನ್ನೂ ಎತ್ತಬಹುದು, ಅದಕ್ಕೆ ಬೇರೆ ಸಮಯ ಇರುತ್ತದೆ. ಆದರೆ ಅವತ್ತೇ ಅದರ ಮೇಲೆ ಅವರು ತೀರ್ಮಾನ ಮಾಡುವ ಹಾಗಿಲ್ಲ. ಉತ್ತರ ಕೊಡಲಿಲ್ಲ ಅಂತ ಬೇಜಾರಾಗಬೇಡಿ.

ಮಾತಿಗೆ ಸಾಮಾನ್ಯವಾಗಿ 3 ನಿಮಿಷ, ಜನ ಜಾಸ್ತಿ ಇದ್ದರೆ ಕಡಿಮೆ ಮಾಡುತ್ತಾರೆ. ಇಂಗ್ಲಿಷ್ ಬರದಿದ್ದರೆ ಕನ್ನಡದಲ್ಲೇ ಮಾತಾಡಿ, ಯಾರಾದರೂ ಅನುವಾದ ಮಾಡಿದರೆ ಎರಡರಷ್ಟು ಸಮಯ ಕೊಡಬೇಕು ಅಂತ ಅದೇ ಕಾನೂನಿನಲ್ಲಿದೆ. ಅವ್ವನಿಗೆ ಹಾಗೇ 6 ನಿಮಿಷ ಸಿಕ್ಕಿತು. ಮಾತಾಡುತ್ತೇವೆ ಅಂತ ಚೀಟಿ ಬರೆದುಕೊಟ್ಟು ಕೂತೆವು. ನಮಗಿಂತ ಮುಂಚೆ ಒಬ್ಬರು ಆ ಪ್ಲಾಸ್ಟಿಕ್ ಚೆಂಡಿನ ಟಕಟಕ ಸದ್ದಿಗೆ ಮಗು ಮಲಗಲ್ಲ ಅಂದರು. ಇನ್ನೊಬ್ಬ ಹಿರಿಯರು, ನಿವೃತ್ತಿ ಆದ ಮೇಲೆ ನನಗೆ ನಾಲ್ಕು ಗೆಳೆಯರು ಸಿಕ್ಕಿದ್ದೇ ಈ ಆಟದಿಂದ ಅಂದರು. ಆ ಮಾತು ನನಗೆ ನಾಟಿತು. ಬೇಕು ಅನ್ನುವವರೂ ನಮ್ಮ ಹಾಗೇ ಅಕ್ಕಪಕ್ಕದ ಜನ ಅಲ್ವಾ? ಅದಕ್ಕೇ ಕೋರ್ಟ್ ಬೇಡ ಅನ್ನೋದನ್ನು ಬಿಟ್ಟು, ಜಾಗ ಸ್ವಲ್ಪ ಸರಿಸಿ ಅಂತ ಕೇಳೋಣ ಅಂತ ಅಲ್ಲೇ ಕೂತು ಅವ್ವನ ಜೊತೆ ಮಾತಾಡಿಕೊಂಡೆ.

ಅವ್ವ ಸೆರಗು ಸರಿಮಾಡಿಕೊಂಡು ಮೈಕ್ ಮುಂದೆ ನಿಂತರು. "ಅರ್ಧ ಸುತ್ತು ಹಾಕೂದ್ರಾಗ ನನ್ನ ಮೊಣಕಾಲು ಹಿಡೀತಾವ. ಕೂಡ್ಲಿಕ್ಕ ಆ ಗಿಡದ ಬುಡಕ ಇರೋ ಬೆಂಚು ಒಂದೇ ಅದ. ಅದು ಹೋದ್ರ ನಾ ಮನ್ಯಾಗೇ ಕೂಡಬೇಕಾಗ್ತದ." ನಾನು ಅಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ವೇದಿಕೆ ಮೇಲೆ ಕೂತಿದ್ದ ಸದಸ್ಯರಲ್ಲಿ ಹೆಣ್ಣುಮಗಳೊಬ್ಬರು ನಕ್ಷೆ ತಿರುಗಿಸಿ, ಆ ಮರ ಇದರಲ್ಲಿ ಎಲ್ಲಿದೆ ತೋರಿಸಿ ಅಂತ ಸಿಬ್ಬಂದಿಯನ್ನು ಕೇಳಿದರು.

ನೀವು ಮಾತಾಡುವಾಗಲೂ ಹೀಗೇ ಮಾಡಿ. ಯಾವ ಬೆಂಚು, ಯಾವ ಗೇಟು, ಎಷ್ಟು ಗಂಟೆಗೆ ಅಂತ ಹೇಳಿ. ಹೋಗಲು ಆಗದಿದ್ದರೆ ಇಮೇಲ್ ಬರೆಯಿರಿ. ಅದು ಸಾರ್ವಜನಿಕ ದಾಖಲೆ ಆಗುತ್ತದೆ, ಫೋನ್ ನಂಬರ್ ಹಾಕಬೇಡಿ.

ಕೋರ್ಟ್ ಪಾರ್ಕಿಂಗ್ ಕಡೆ ಸರಿಯಿತು, ಮರದ ಕೆಳಗೆ ಬೆಂಚು ಉಳಿಯಿತು. ಆದರೆ ಕೋರ್ಟಿಗೆ ರಾತ್ರಿ ದೀಪ ಹಾಕುವ ವಿಷಯ ಇನ್ನೂ ಬಾಕಿ ಇದೆ, ಹಾಗಾಗಿ ಪ್ರತಿ ಸಭೆಗೆ ಮುಂಚೆ ಅಜೆಂಡಾ ತೆಗೆದು ನೋಡುತ್ತಿದ್ದೇನೆ.