ಹಳೆಯ ಕಾರಿನ ಬ್ರೇಕ್ ಕೆಲಸ: ಮೊದಲು ಆಯಿಲ್, ಆಮೇಲೆ ಪ್ಯಾಡ್

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಗೋವೆಗೆ ಇಳಿಯುವ ಚೋರ್ಲಾ ಘಾಟಿನಲ್ಲಿ ಒಮ್ಮೆ ನನ್ನ ಹಳೆಯ ಕಾರಿನ ಬ್ರೇಕ್ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಅರ್ಧಕ್ಕಿಂತ ಕೆಳಗೆ ಹೋಯಿತು. ಎರಡನೇ ಗೇರಿಗೆ ತಂದು, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆಯುತ್ತ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಮುಕ್ಕಾಲು ಗಂಟೆ ಆರಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಅದುಮಿ ಹಿಡಿಯುವ ಪ್ಯಾಡ್‌ಗಳು ಹೊಸವೇ ಆಗಿದ್ದವು. ನಾನು ಐದು ವರ್ಷ ಬದಲಿಸದೆ ಬಿಟ್ಟಿದ್ದ ಬ್ರೇಕ್ ಆಯಿಲ್ ಕುದಿದಿತ್ತು.

ನಾವು ಆಯಿಲ್ ಎಂದು ಕರೆದರೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ಈ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುವ ನಮ್ಮ ಊರಿನಲ್ಲಿ ರಬ್ಬರ್ ಹೋಸ್‌ಗಳ ಮೂಲಕವೂ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೂಲಕವೂ ನೀರಿನಂಶ ಒಳಸೇರುತ್ತಲೇ ಇರುತ್ತದೆ. ಬ್ರೇಕ್ ದ್ರವವನ್ನು ಡಾಟ್ ಎಂಬ ದರ್ಜೆಗಳಿಂದ ಗುರುತಿಸುತ್ತಾರೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ಸುಮಾರು ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವೇ ಅಂಕಿಗಳು 230 ಮತ್ತು 155. ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿದಾಗ ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರ್ ಕಾದು ದ್ರವ ಆವಿಯಾಗುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಹೀಗಾಗಿ ಪೆಡಲಿನ ಒತ್ತಡ ಚಕ್ರಕ್ಕೆ ತಲುಪುವುದೇ ಇಲ್ಲ.

ಆದ್ದರಿಂದ ಎರಡು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಒಣಹವೆಯ ದಿನ ನೋಡಿ ಆಯಿಲ್ ಬದಲಿಸಿರಿ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ, ಸೀಲ್ ಒಡೆಯದ ಬಾಟಲಿಯನ್ನೇ ತನ್ನಿರಿ. ಸಣ್ಣ ಕಾರಿಗೆ ಸಾಮಾನ್ಯವಾಗಿ ಅರ್ಧ ಲೀಟರ್ ಸಾಕು. ಕಳೆದ ವರ್ಷ ತೆರೆದಿಟ್ಟ ಬಾಟಲಿ ಎಷ್ಟೇ ತುಂಬಿದ್ದರೂ ಬೇಡ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯ ಕ್ರಮ ಬೇರೆಯಾದ್ದರಿಂದ ಅದನ್ನು ತಿಳಿದ ಮೆಕ್ಯಾನಿಕ್‌ಗೆ ಬಿಡುವುದು ಲೇಸು.

ಸಮತಟ್ಟಾದ ಗಟ್ಟಿ ನೆಲದ ಮೇಲೆ ಗಾಡಿ ನಿಲ್ಲಿಸಿ, ಎತ್ತದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್‌ನಿಂದ ಎತ್ತಿದ ಕೂಡಲೇ ಜಾಕ್ ಸ್ಟ್ಯಾಂಡ್ ಇಡಬೇಕು. ಬರಿಯ ಜಾಕ್ ಅಥವಾ ಇಟ್ಟಿಗೆಗಳನ್ನು ನಂಬಿ ಗಾಡಿಯ ಕೆಳಗೆ ಕೈ ಹಾಕಬೇಡಿರಿ. ಮೊದಲು ಸಿರಿಂಜಿನಿಂದ ಡಬ್ಬಿಯ ಹಳೆಯ ದ್ರವವನ್ನು ಹೀರಿ ತೆಗೆದು ಹೊಸದನ್ನು ತುಂಬಿರಿ. ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸುವುದು ವಾಡಿಕೆ, ಎಂದರೆ ನಮ್ಮ ಗಾಡಿಗಳಲ್ಲಿ ಹಿಂದಿನ ಎಡಚಕ್ರ. ಆದರೆ ಕೆಲವು ಮಾದರಿಗಳಲ್ಲಿ ಕ್ರಮ ಬೇರೆ ಇರುವುದರಿಂದ ಸರ್ವಿಸ್ ಪುಸ್ತಕವನ್ನೇ ಪ್ರಮಾಣವೆಂದು ತಿಳಿಯಿರಿ. ದ್ರವ ಹೊರಬಿಡಲು ಚಕ್ರದ ಬಳಿ ಇರುವ, ತುಕ್ಕು ಹಿಡಿದ ಬ್ಲೀಡರ್ ನಿಪ್ಪಲ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟು, ರಿಂಗ್ ಪಾನಾದಿಂದಲೇ ಬಿಚ್ಚಿರಿ. ಬಾಯಿ ತೆರೆದ ಪಾನಾ ಅದರ ಮೂಲೆಗಳನ್ನು ಸವೆಸುತ್ತದೆ, ಮುರಿದರೆ ಖರ್ಚು ದೊಡ್ಡದು.

ನಿಪ್ಪಲ್‌ಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಿಡಿರಿ. ಒಳಗೆ ಕುಳಿತವರು ಪೆಡಲನ್ನು ಒತ್ತಿ ಹಿಡಿಯಬೇಕು. ನೀವು ನಿಪ್ಪಲನ್ನು ತೆರೆದು, ದ್ರವ ಹರಿದ ಮೇಲೆ ಮುಚ್ಚಿ, ‘ಬಿಡು’ ಎಂದ ಬಳಿಕವೇ ಅವರು ಕಾಲು ತೆಗೆಯಬೇಕು. ನಮ್ಮ ಮನೆಯಲ್ಲಿ ಈ ಕೆಲಸ ಮಗನದು, ಅವಸರದಲ್ಲಿ ಅವನು ಒಮ್ಮೆ ಕಾಲೆತ್ತಿದ್ದಕ್ಕೆ ಗಾಳಿ ಒಳಸೇರಿ ಇಡೀ ಕೆಲಸವನ್ನು ಮತ್ತೆ ಮಾಡಬೇಕಾಯಿತು. ಹಳೆಯ ಗಾಡಿಗೆ ಇನ್ನೊಂದು ಎಚ್ಚರಿಕೆ ಬೇಕು: ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿರಿ. ಎಂದೂ ನೆಲದವರೆಗೆ ಇಳಿಯದ ಪೆಡಲನ್ನು ಅಲ್ಲಿಯವರೆಗೆ ಒತ್ತಿದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ವಾಷರ್ ತುಕ್ಕು ಹಿಡಿದ ಭಾಗಕ್ಕೆ ಉಜ್ಜಿ ಹರಿಯಬಹುದು. ಗುಳ್ಳೆಗಳಿಲ್ಲದ ತಿಳಿ ದ್ರವ ಬರುವವರೆಗೆ ಹೀಗೆ ಮುಂದುವರಿಸಿ, ಡಬ್ಬಿಯಲ್ಲಿ ಮಟ್ಟ ಇಳಿಯದಂತೆ ತುಂಬುತ್ತಿರಿ. ಬಣ್ಣದ ಮೇಲೆ ಹನಿ ಬಿದ್ದರೆ ತಕ್ಷಣ ನೀರು ಸುರಿಯಿರಿ, ಅದು ಪೇಂಟ್ ತಿನ್ನುತ್ತದೆ.

ಪ್ಯಾಡ್ ಬದಲಿಸುವುದು ಇದಕ್ಕಿಂತ ಸುಲಭ. ಸವೆದು 3 ಮಿ.ಮೀ.ಗೆ ಬಂದರೆ ಎರಡೂ ಬದಿಯವನ್ನು ಒಟ್ಟಿಗೆ ಬದಲಿಸಿರಿ. ಕ್ಯಾಲಿಪರನ್ನು ಹೋಸಿನಲ್ಲಿ ನೇತುಬಿಡದೆ ತಂತಿಯಿಂದ ಕಟ್ಟಿರಿ. ಜಾರುವ ಪಿನ್‌ಗಳಿಗೆ ಬ್ರೇಕ್‌ನ ಸಿಲಿಕೋನ್ ಗ್ರೀಸನ್ನೇ ಹಚ್ಚಿರಿ, ಸಾಮಾನ್ಯ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಹಿಂದಿನ ಚಕ್ರದ ಬ್ರೇಕ್ ಡ್ರಮ್ ಬಿಚ್ಚುವಾಗ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಸ್ಪ್ರಿಂಗ್‌ಗಳ ಜೋಡಣೆ ಗೊಂದಲ ಹುಟ್ಟಿಸುವುದರಿಂದ ಒಂದು ಬದಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿರಿ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿರಿ, ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಧರಿಸಿ, ಒದ್ದೆ ಬಟ್ಟೆಯಿಂದ ಒರೆಸಿರಿ. ಡ್ರಮ್‌ನೊಳಗಿನ ವ್ಹೀಲ್ ಸಿಲಿಂಡರಿನ ರಬ್ಬರ್ ಎತ್ತಿ ನೋಡಿದಾಗ ಒಳಗೆ ದ್ರವ ಕಂಡರೆ ಸಿಲಿಂಡರನ್ನೇ ಬದಲಿಸಬೇಕು.

ಕೆಲಸ ಮುಗಿದ ಮೇಲೆ, ಗಾಡಿ ಹೊರಡಿಸುವ ಮುನ್ನವೇ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿರಿ. ಹೊಸ ಪ್ಯಾಡ್ ಕೂರಿಸಲು ಹಿಂದಕ್ಕೆ ತಳ್ಳಿದ ಕ್ಯಾಲಿಪರಿನ ಪಿಸ್ಟನ್ ಪ್ಯಾಡಿಗೆ ತಾಗಿರದಿದ್ದರೆ ಮೊದಲ ಬ್ರೇಕ್ ಸಿಗುವುದಿಲ್ಲ. ನಂತರ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಪರೀಕ್ಷಿಸಿರಿ. ಮರುದಿನ ಬೆಳಿಗ್ಗೆ ನಾಲ್ಕೂ ಚಕ್ರಗಳ ಒಳಬದಿಗೆ ಟಾರ್ಚ್ ಹಿಡಿದು ಜಿನುಗು ಕಾಣದಿದ್ದರೆ, ಚೋರ್ಲಾ ಇಳಿಯಬಹುದು, ಅದೂ ಎರಡನೇ ಗೇರಿನಲ್ಲಿಯೇ.