ಅಮ್ಮನ ಕೋಣೆಯ ಕ್ಯಾಮೆರಾ ತಾನಾಗಿ ತಿರುಗಿದಾಗ

ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳಲು ವೈಫೈ ಕ್ಯಾಮೆರಾ ಇಟ್ಟಿದ್ದೆ. ಒಂದು ರಾತ್ರಿ ಅದು ಗುಂಯ್ ಎಂದು ತಾನಾಗಿ ಮಂಚದತ್ತ ತಿರುಗಿತು. ಮನೆಯಲ್ಲಿ ಯಾರೂ ಆ್ಯಪ್ ತೆರೆದಿರಲಿಲ್ಲ. ಎದೆ ಝಲ್ಲೆಂದಿತು, ತಕ್ಷಣ ಪ್ಲಗ್ ಕಿತ್ತೆ.

ಮರುದಿನ ನೋಡಿದರೆ, ಡಬ್ಬಿಯ ಮೇಲೆ ಅಚ್ಚಾಗಿದ್ದ ಪಾಸ್‌ವರ್ಡ್ ಇನ್ನೂ ಹಾಗೆಯೇ ಇತ್ತು. ರೌಟರ್‌ನ ಯುಪಿಎನ್‌ಪಿ (ಮನೆಯ ಸಾಧನಗಳು ಕೇಳಿದಾಗ ಇಂಟರ್ನೆಟ್‌ನಿಂದ ತಾನಾಗಿ ದಾರಿ ತೆರೆದುಕೊಡುವ) ಸೌಲಭ್ಯ ಹೊರಗಿನವರಿಗೆ ನೇರ ಬಾಗಿಲು ತೆರೆದಿತ್ತು. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ದುರುದ್ದೇಶದ ತಂತ್ರಾಂಶ) ಲಕ್ಷಾಂತರ ಸಾಧನಗಳನ್ನು ವಶಪಡಿಸಿಕೊಂಡದ್ದೂ ಇಂಥ ಕಾರ್ಖಾನೆಯ ಪಾಸ್‌ವರ್ಡ್‌ಗಳಿಂದಲೇ.

ಯುಪಿಎನ್‌ಪಿ ನಿಲ್ಲಿಸಿದೆ. ಪಿನ್ನು ಚುಚ್ಚಿ ಕ್ಯಾಮೆರಾ ರಿಸೆಟ್ ಮಾಡಿ, ಅದರೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ನವೀಕರಿಸಿ, ಉದ್ದದ ಹೊಸ ಪಾಸ್‌ವರ್ಡ್ ಇಟ್ಟೆ. ಕ್ಯಾಮೆರಾವನ್ನೂ ಟಿವಿಯನ್ನೂ ಮನೆಯ ಮುಖ್ಯ ಜಾಲದಿಂದ ಬೇರೆಯಾದ ಅತಿಥಿ ವೈಫೈಗೆ ಸರಿಸಿದೆ. ಅಮ್ಮನ ಬಟ್ಟೆ ಬದಲಿಸುವಾಗ ಈಗ ಲೆನ್ಸಿನ ಮೇಲೆ ಕರವಸ್ತ್ರ ಹೊದಿಸುತ್ತೇನೆ. ಕೇಳದೆ ಕ್ಯಾಮೆರಾ ಇಟ್ಟದ್ದಕ್ಕೆ ಅಮ್ಮನ ಕ್ಷಮೆಯನ್ನೂ ಕೇಳಿದೆ.