ಕೃಷಿ ಹೊಂಡಕ್ಕೆ ಬಿದ್ದ ನೆಲಗಪ್ಪೆಗಳನ್ನು ಉಳಿಸಿದ್ದು ಹೀಗೆ

ಶ್ರೀನಿವಾಸಪುರದ ಕಡೆ ಕೃಷಿ ಹೊಂಡ ಇಲ್ಲದೆ ಟೊಮೆಟೊ ಬೆಳೆಯೋದು ಕಷ್ಟ. ಬೋರ್‌ವೆಲ್ ನೀರನ್ನು ಹೊಂಡಕ್ಕೆ ತುಂಬಿಸಿಕೊಂಡೇ ಡ್ರಿಪ್‌ಗೆ ಬಿಡಬೇಕು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಶೀಟ್ ಪಾಚಿ ಕಟ್ಟಿದರೆ ಮನುಷ್ಯರ ಕಾಲೇ ನಿಲ್ಲಲ್ಲ. ಮಳೆ ಬಿದ್ದ ರಾತ್ರಿ ಮೊಟ್ಟೆ ಇಡಲು ಇಳಿದ ನೆಲಗಪ್ಪೆಗಳು ಹತ್ತಲಾಗದೆ ಈಜಿ ಈಜಿ ಸಾಯುತ್ತವೆ. ಬೆಳಗ್ಗೆ ಅವು ತೇಲುವುದನ್ನು ನೋಡೋಕಾಗುತ್ತಿರಲಿಲ್ಲ.

ಹಳೇ ಗೋಣಿಚೀಲಗಳನ್ನು ಉದ್ದಕ್ಕೆ ಹೊಲಿದೆ. ಒಂದು ತುದಿಯನ್ನು ಏರಿ ಮೇಲಿನ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿಗೆ ಮರಳು ತುಂಬಿ ನೀರಿಗೆ ಇಳಿಬಿಟ್ಟೆ. ನಾಲ್ಕು ಮೂಲೆಗೂ ಒಂದೊಂದು ಬೇಕು. ಕಪ್ಪೆ ಅಂಚು ಹಿಡಿದು ಈಜುತ್ತಾ ಮೂಲೆಗೇ ಬಂದು ನಿಲ್ಲುತ್ತದೆ. ನೀರು ತಳ ಕಂಡಾಗಲೂ ಮುಟ್ಟುವಷ್ಟು ಉದ್ದ ಇರಲಿ. ಗೋಣಿ ಬೇಗ ಕೊಳೆಯುತ್ತದೆ, ಈಗ ಹಳೇ ಶೇಡ್ ನೆಟ್ ಮಡಚಿ ಹಾಕಿದ್ದೇನೆ. ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ದೊಡ್ಡ ಹೆಣ್ಣು ಕಪ್ಪೆಯೊಂದು ಹತ್ತುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟು ನಿಲ್ಲೋದು, ಗಂಟಲು ಪಟಪಟ ಬಡಿಯೋದು, ಮತ್ತೆ ಹಿಂಗಾಲು ಒದ್ದು ಮೇಲೆ ಬರೋದು. ಏರಿ ದಾಟಿ ಸೀದಾ ಟೊಮೆಟೊ ಸಾಲಿಗೆ ಹೋಯಿತು. ರಾತ್ರಿಯಿಡೀ ಹುಳ, ಇರುವೆ, ಗೆದ್ದಲು ತಿನ್ನುವ ಜೀವ ಅದು.

"ಅಣ್ಣಾ, ಇದು ಆಸ್ಟ್ರೇಲಿಯಾದ ವಿಷದ ಕಪ್ಪೆ ಅಲ್ವಾ? ಯಾಕೆ ಉಳಿಸ್ತೀರಿ?" ಅಂತ ಪಕ್ಕದ ತೋಟದ ಹುಡುಗ ಕೇಳಿದ. ಅಲ್ಲ. ಅವನು ಹೇಳಿದ್ದು ಕೇನ್ ಟೋಡ್ ಅನ್ನೋ ಬೇರೆ ನೆಲಗಪ್ಪೆ, ಮೂಲದಲ್ಲಿ ದಕ್ಷಿಣ ಮತ್ತು ಮಧ್ಯ ಅಮೆರಿಕದ್ದು. ಕಬ್ಬು ತಿನ್ನುವ ದುಂಬಿ ಹಿಡಿಯಲಿ ಅಂತ 1935ರಲ್ಲಿ ಹವಾಯಿಯಿಂದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ತಂದರು. ದುಂಬಿ ಕಬ್ಬಿನ ತುದಿಯಲ್ಲಿ, ಕಪ್ಪೆ ನೆಲದಲ್ಲಿ, ಹಿಡಿಯೋದು ಹೇಗೆ? ಒಂದು ಹೆಣ್ಣು ಒಮ್ಮೆಗೆ 30,000ದವರೆಗೂ ಮೊಟ್ಟೆ ಇಡಬಲ್ಲದು. ಅಲ್ಲಿ ಮೊದಲಿಂದ ಈ ಜಾತಿಯ ನೆಲಗಪ್ಪೆಗಳೇ ಇರಲಿಲ್ಲ. ಹಾಗಾಗಿ ಅದರ ವಿಷ ತಡೆಯುವ ಶಕ್ತಿಯಿಲ್ಲದ ಉಡ, ಹಾವು, ಸಿಹಿನೀರಿನ ಮೊಸಳೆ ಕಪ್ಪೆ ತಿಂದು ಸತ್ತವು. ಒಣ ಸೀಮೆಯಲ್ಲಿ ಅದನ್ನು ಉಳಿಸಿದ್ದು ದನಗಳಿಗೆ ತೋಡಿದ ಹೊಂಡಗಳು. ಕೆಲವು ಹೊಂಡಗಳಿಗೆ ಗಿಡ್ಡ ಬೇಲಿ ಕಟ್ಟಿ ನೋಡಿದರು, ನೀರು ಸಿಗದೆ ಕಪ್ಪೆ ಕಡಿಮೆಯಾದವು.

ನಮ್ಮದು ಇಲ್ಲೇ ಹುಟ್ಟಿದ್ದು. ತಲೆ ಮೇಲೆ ಕಪ್ಪು ಏಣುಗಳಿರುತ್ತವೆ. ನಮ್ಮ ಕೇರೆ ಹಾವು ಇದನ್ನು ತಿಂದು ಅರಗಿಸಿಕೊಳ್ಳುತ್ತದೆ. ಇದೇ ಜಾತಿ ಮಡಗಾಸ್ಕರಿನ ತೋಮಾಸಿನಾ ಬಂದರಿಗೆ ಸೇರಿಕೊಂಡು ಅಲ್ಲಿ ಪಿಡುಗಾಗಿದೆ. ಆದ್ದರಿಂದ ಹಣ್ಣಿನ ಕ್ರೇಟ್ ತುಂಬಿಸುವ ಮುಂಚೆ ಒಳಗೆ ಕಪ್ಪೆ ಕೂತಿದೆಯಾ ಅಂತ ನೋಡುತ್ತೇನೆ.

ವಿಷ ನಮ್ಮ ಕಪ್ಪೆಯಲ್ಲೂ ಇದೆ, ಕಣ್ಣಿನ ಹಿಂದಿನ ಉಬ್ಬಿದ ಗ್ರಂಥಿಗಳಲ್ಲಿ. ಮುಟ್ಟಿದರೆ ನರುಳ್ಳೆ ಬರಲ್ಲ, ಆದರೆ ಕೈ ತೊಳೆಯದೆ ಕಣ್ಣು ಉಜ್ಜಬೇಡಿ. ನಮ್ಮ ನಾಯಿ ಒಮ್ಮೆ ಕಪ್ಪೆ ಕಚ್ಚಿ ಬಾಯಲ್ಲಿ ನೊರೆ ಸುರಿಸಿತು. ತಲೆ ಕೆಳಗೆ ಬಾಗಿಸಿ, ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ ಮತ್ತೆ ಮತ್ತೆ ಒರೆಸಿದೆ. ನೀರು ಗಂಟಲಿಗೆ ಇಳಿಯಬಾರದು. ಆಮೇಲೆ ತಡಮಾಡದೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಈ ವಿಷ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ, ಬೆಳಗಾಗಲಿ ಅಂತ ಕಾಯೋದು ಬೇಡ.